ಕಿಣ್ವವು ಹಗೆಯಲ್ಲ

ಕೊಬ್ಬು ಎಂದೊಡನೆ ನಮಗೆ ನೆನಪಾಗುವುದು ತುಪ್ಪ, ಎಣ್ಣೆ, ಮೈಯ ಬೊಜ್ಜು. ಆದರೆ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿಯೂ ಕೊಬ್ಬಿನ ಜಾತಿಗೆ ಸೇರಿದ ಲಿಪಿಡ್‌ಗಳಿವೆ. ಬಹುಕಾಲ ಇವನ್ನು ಗೋಡೆಯ ಇಟ್ಟಿಗೆಗಳೆಂದೇ ಭಾವಿಸಲಾಗಿತ್ತು. 1953ರಲ್ಲಿ ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕ ಗ್ರಂಥಿಯ ಹೋಳುಗಳನ್ನು ಅಸಿಟೈಲ್‌ಕೋಲೀನ್ ಎಂಬ ದ್ರವ್ಯದಿಂದ ಪ್ರಚೋದಿಸಿದರು. ಆಗ ಕೆಲವು ಲಿಪಿಡ್‌ಗಳು ವಿಕಿರಣಶೀಲ ರಂಜಕವನ್ನು ಹೆಚ್ಚಾಗಿ ಸೇರಿಸಿಕೊಂಡುದು ಕಂಡುಬಂದಿತು. ಹೊರಗಿನ ಸುದ್ದಿ ಮುಟ್ಟಿದೊಡನೆ ಇಟ್ಟಿಗೆಗಳೇ ಮಾರ್ಪಡುತ್ತಿದ್ದುವು!

ಲಿಪಿಡ್ ಅಣುವಿಗೆ ಫಾಸ್ಫೇಟನ್ನು ಅಂಟಿಸುವ ಕಿಣ್ವಗಳೇ ಲಿಪಿಡ್ ಕೈನೇಸ್‌ಗಳು. ಇವುಗಳಲ್ಲೊಂದು ಆ ಫಾಸ್ಫೇಟನ್ನು ಇನಾಸಿಟಾಲ್ ಉಂಗುರದ 3ನೆಯ ಸ್ಥಾನಕ್ಕೆ ಜೋಡಿಸುವುದೆಂದು 1988ರಲ್ಲಿ ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು ತೋರಿಸಿದರು. ಅದರ ಹೆಸರು ಪಿಐ-3 ಕೈನೇಸ್. ನಾವು ಉಂಡ ಬಳಿಕ ಇನ್ಸುಲಿನ್ ಸ್ನಾಯುಕೋಶವನ್ನು ಹೊರಗಿನಿಂದ ಮುಟ್ಟುತ್ತದೆ. ಕೂಡಲೆ ಈ ಕಿಣ್ವವು ಪೊರೆಯ ಒಳಮೈಯ ಲಿಪಿಡ್‌ಗಳ ಮೇಲೆ ಫಾಸ್ಫೇಟಿನ ಗುರುತಿಡುತ್ತದೆ. ಆ ಗುರುತನ್ನು ಕಂಡು ಎಕೆಟಿ ಎಂಬ ಪ್ರೋಟೀನು ಅಲ್ಲಿಗೆ ಬಂದು ಚುರುಕಾಗುತ್ತದೆ. ಗ್ಲೂಕೋಸನ್ನು ಒಳಗೊಯ್ಯುವ ವಾಹಕಗಳು ಪೊರೆಗೆ ಏರಿಬರುತ್ತವೆ. ಕೆಲಸ ಮುಗಿದ ಮೇಲೆ ಪಿಟೆನ್ ಎಂಬ ಮತ್ತೊಂದು ಕಿಣ್ವವು ಗುರುತನ್ನು ಅಳಿಸುತ್ತದೆ. ಬರೆಯುವ ಕೈ, ಅಳಿಸುವ ಕೈ ಎರಡೂ ಸರಿಯಾಗಿದ್ದರೆ ಆರೋಗ್ಯ.

ಕೋಶವು ಬೆಳೆಯಬೇಕು, ಬದುಕಿರಬೇಕು ಎಂಬ ಅಪ್ಪಣೆಗಳೂ ಇದೇ ದಾರಿಯಲ್ಲಿ ಸಾಗುತ್ತವೆ. ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಈ ಕೈನೇಸಿನ ಜೀನ್ ಕೆಟ್ಟಿರುವುದು 2004ರಲ್ಲಿ ತಿಳಿದುಬಂದಿತು. ಅಂದಿನಿಂದ ಇದನ್ನು ಕ್ಯಾನ್ಸರ್ ಕಿಣ್ವವೆಂದು ಕರೆಯುವವರಿದ್ದಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಏಕೆಂದರೆ ಹೆಸರು ತಪ್ಪಿದರೆ ಚಿಕಿತ್ಸೆಯ ನೋಟವೂ ತಪ್ಪುತ್ತದೆ. ಈ ಕಿಣ್ವವನ್ನು ತಡೆಯುವ ಆಲ್ಪೆಲಿಸಿಬ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ, ಕೆಲವು ಬಗೆಯ ಸ್ತನ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ಅದನ್ನು ಸೇವಿಸುವವರಲ್ಲಿ ರಕ್ತದ ಸಕ್ಕರೆ ಏರುವುದು ಸಾಮಾನ್ಯ. ಇದು ಆಕಸ್ಮಿಕವಲ್ಲ, ಇನ್ಸುಲಿನ್ನಿನ ಹಾದಿಯನ್ನೇ ಔಷಧಿಯು ಕಟ್ಟಿದೆ. ಸಕ್ಕರೆ ಏರಿದರೆ ದೇಹವು ಇನ್ನಷ್ಟು ಇನ್ಸುಲಿನ್ನನ್ನು ಸುರಿಸುತ್ತದೆ. ಆ ಇನ್ಸುಲಿನ್ ಗೆಡ್ಡೆಯ ಕೈನೇಸನ್ನು ಮತ್ತೆ ಎಚ್ಚರಿಸಿ ಔಷಧಿಯ ಬಲವನ್ನು ಕುಗ್ಗಿಸುವುದೆಂದು 2018ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಶರ್ಕರ ಪಿಷ್ಟಗಳು ಬಹಳ ಕಡಮೆಯಿದ್ದ ಆಹಾರವನ್ನು ಕೊಟ್ಟಾಗ ಆ ಇಲಿಗಳಲ್ಲಿ ಔಷಧಿಯು ಹೆಚ್ಚು ಫಲಿಸಿತು. ಇಲಿಗಳ ಫಲಿತಾಂಶವನ್ನು ನಂಬಿ ರೋಗಿಗಳು ತಾವಾಗಿಯೇ ಪಥ್ಯ ಬದಲಿಸುವುದು ಮಾತ್ರ ಸಲ್ಲದು.

ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೇ? ಕೆಟ್ಟ ಕೈನೇಸನ್ನು ಮಾತ್ರ ಹಿಡಿದು ಒಳ್ಳೆಯದನ್ನು ಬಿಡುವ ಔಷಧಿಗಳ ಶೋಧನೆಗೆ ಹೆಚ್ಚಿನ ಪ್ರೋತ್ಸಾಹ ದೊರೆಯಬೇಕು. ಅದುವರೆಗೆ, ಇಂಥ ಔಷಧಿಯನ್ನು ಕೊಡುವ ಮುನ್ನವೂ ಕೊಡುತ್ತಿರುವಾಗಲೂ ಸಕ್ಕರೆಯ ಪರೀಕ್ಷೆ ತಪ್ಪದೆ ನಡೆಯಬೇಕು. ಅದು ಏಕೆಂಬುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಸುಮಾರು 10 ಕೋಟಿ ಮಧುಮೇಹಿಗಳಿರುವ ನಮ್ಮ ದೇಶದಲ್ಲಿ, ಕ್ಯಾನ್ಸರ್ ವೈದ್ಯರೂ ಮಧುಮೇಹದ ವೈದ್ಯರೂ ಒಟ್ಟಿಗೆ ಕುಳಿತು ಆಲೋಚಿಸುವುದು ಅನಿವಾರ್ಯ. ದೇಹವು ಎರಡು ರೋಗಗಳಿಗೆ ಎರಡು ಬೇರೆ ದಾರಿಗಳನ್ನು ಹಾಕಿಕೊಟ್ಟಿಲ್ಲ.