ಹಪ್ಪಳದ ಪೊಟ್ಟಣದ ಮೇಲೆ ಕನ್ನಡ ಯಾಕೆ ಬೇಡ?

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರು ಸಣ್ಣಪುಟ್ಟ ಉದ್ಯಮಗಳಿಗೆ ಕೈಹಾಕುತ್ತಿದ್ದಾರೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹೊಲಿಗೆ ಅಂಗಡಿ... ಸಂತೋಷದ ವಿಷಯ. ಆದರೆ ಅವರ ಬೋರ್ಡು, ಪೊಟ್ಟಣ, ನೋಟೀಸು ನೋಡಿದರೆ ಮಲಯಾಳ ಇರುತ್ತದೆ, ಇಂಗ್ಲಿಷ್ ಇರುತ್ತದೆ, ಎಷ್ಟೋ ಕಡೆ ಕನ್ನಡ ಮಾತ್ರ ಇಲ್ಲ! ಕೇಳಿದರೆ, "ಕನ್ನಡದಲ್ಲಿ ಹಾಕಿದರೆ ವ್ಯಾಪಾರ ಆಗಲಿಕ್ಕಿಲ್ಲ ಮಾಷ್ಟ್ರೇ" ಎನ್ನುತ್ತಾರೆ.

ಭಾಷಾಭಿಮಾನದ ಭಾಷಣ ನವೆಂಬರ್ 1ಕ್ಕೆ ಇರಲಿ (1956ರ ಆ ದಿನವೇ ಕೇರಳವೂ ಹುಟ್ಟಿದ್ದು ಅನ್ನಿ). ಈಗ ಬರೀ ವ್ಯಾಪಾರದ ಲೆಕ್ಕ ನೋಡೋಣ. ಇಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಕೊಂಕಣಿಯವರು, ಹವ್ಯಕರು, ಕರಾಡ ಮರಾಠಿಯವರು ಇದ್ದಾರೆ. ಇವರಲ್ಲಿ ಹೆಚ್ಚಿನವರು ಓದಲು ಕಲಿತದ್ದು ಯಾವ ಲಿಪಿಯಲ್ಲಿ? ಕನ್ನಡದಲ್ಲಿ ತಾನೇ! ಅಂದರೆ ಕನ್ನಡ ಅಕ್ಷರದ ಗಿರಾಕಿಗಳು ಮನೆಯಲ್ಲಿ ಕನ್ನಡ ಮಾತಾಡುವವರಿಗಿಂತ ಎಷ್ಟೋ ಹೆಚ್ಚು. ಹಪ್ಪಳವನ್ನು ಮೊದಲು ಕೊಳ್ಳುವವರೂ ಇವರೇ. ಕೈಯಲ್ಲಿರುವ ಗಿರಾಕಿಯನ್ನು ಬಿಟ್ಟು ದೂರದವರನ್ನು ಕರೆಯುವುದು ಯಾವ ಜಾಣತನ?

ಕಾನೂನಿನ ಹೆದರಿಕೆಯೂ ಬೇಡ. ಪೊಟ್ಟಣದ ಮೇಲೆ ಕಡ್ಡಾಯವಾಗಿ ಬರಬೇಕಾದ ವಿವರ, ಅಂದರೆ ತೂಕ, ಬೆಲೆ, ತಯಾರಿಸಿದ ದಿನ, ಆಹಾರ ಸುರಕ್ಷತೆಯ 14 ಅಂಕಿಯ ನಂಬರು ಇತ್ಯಾದಿ, ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು. ಜೊತೆಗೆ ಬೇರೆ ಯಾವ ಭಾಷೆಯನ್ನೂ ಸೇರಿಸಬಹುದು. ಗಲ್ಫಿಗೆ ಹೋಗುವವರ ಪೆಟ್ಟಿಗೆಯಲ್ಲಿ ಈ ಪೊಟ್ಟಣಗಳು ಎಷ್ಟು ದೂರ ಪ್ರಯಾಣ ಮಾಡುತ್ತವೆ ನೋಡಿ! ಅದಕ್ಕಿಂತ ಅಗ್ಗದ ಪ್ರಚಾರ ಇನ್ನಾವುದು?

ಕನ್ನಡ ಮಾತ್ರ ಸಾಕು ಎಂದು ನಾನು ಹೇಳುತ್ತಿಲ್ಲ. ಮಲಯಾಳವೂ ಬೇಕು, ಅದೂ ತಪ್ಪಿಲ್ಲದ ಮಲಯಾಳ. ನೆರೆಮನೆಯವರಿಗೆ ಒಮ್ಮೆ ತೋರಿಸಿ ಅಚ್ಚಿಗೆ ಕೊಡಿ. ಕನ್ನಡವನ್ನೂ ಹಾಗೆಯೇ. ಡಿಟಿಪಿಯವರ ಹಳೆಯ ಫಾಂಟು ಬದಲಾಗುವಾಗ ಒತ್ತಕ್ಷರ ಹಾರಿ ಹೋಗಿ "ಹಪ್ಪಳ" "ಹಪಳ" ಆಗುತ್ತದೆ. ಸಾವಿರ ಲೇಬಲು ಅಚ್ಚಾದ ಮೇಲೆ ಯಾರಿಗೆ ಹೇಳುವುದು? ಕನ್ನಡ ತಿದ್ದಲು ಊರಿನ ಮಾಷ್ಟ್ರುಗಳಿದ್ದೇವೆ, ಬಿಟ್ಟಿ ಕೆಲಸ!

ಇನ್ನು ಹಣದ ಮಾತು. ಹೊಸ ಅಂಗಡಿ ತೆರೆದವರ ಹತ್ತಿರ ಬ್ರಹ್ಮಕಲಶದ ಸ್ಮರಣ ಸಂಚಿಕೆ, ಯಕ್ಷಗಾನ, ಕ್ಲಬ್ಬಿನ ಪಂದ್ಯಾಟ ಅಂತ ಜಾಹೀರಾತು ಕೇಳಿಕೊಂಡು ಹೋಗುವವರು ಸಾಲುಸಾಲು. ಶಾಲೆಯ ರಸೀದಿ ಪುಸ್ತಕ ಹಿಡಿದು ನಾವೂ ಹೋಗುತ್ತೇವೆ, ಸುಳ್ಳೇಕೆ. ಕೊಡುವುದಾದರೆ ದೇಣಿಗೆ ಎಂದು ಕೊಡಿ, ಪ್ರಚಾರದ ಖರ್ಚಿಗೆ ಸೇರಿಸಬೇಡಿ. ಆ ಸಂಚಿಕೆಗಳ ಕೊನೆಯ ಪುಟಗಳನ್ನು ಓದುವವರು ಯಾರು? ಅದರ ಬದಲು ನೂರು ಮನೆಗೆ ಐದೈದು ಹಪ್ಪಳ ರುಚಿ ನೋಡಲು ಕೊಟ್ಟು, ಫೋನ್ ನಂಬರು ಬರೆದ ಚೀಟಿ ಇಡಿ. ಅದೂ ಆಟಿಯ ಮಳೆ ಸುರಿಯುವಾಗ. ಎಪ್ರಿಲ್-ಮೇ ಬಿಸಿಲಿನಲ್ಲಿ ಒಣಗಿಸಿದ್ದಕ್ಕೆ ನಾಲಗೆ ಕಾಯುವುದು ಆಗಲೇ. ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ಸೇರಿಸಲು ಕಾಸು ಕೊಡಬೇಕಾಗಿಲ್ಲ. ಕೊಡಬೇಕೆಂದು ಫೋನ್ ಮಾಡುವವರನ್ನು ನಂಬಬೇಡಿ.

ಇಷ್ಟೆಲ್ಲ ಬರೆಯುವುದರಲ್ಲಿ ನನ್ನ ಸ್ವಾರ್ಥವೂ ಇದೆ. ಒಂದನೇ ತರಗತಿಗೆ ಮಕ್ಕಳನ್ನು ಕೇಳಿಕೊಂಡು ಮನೆಮನೆಗೆ ಹೋದಾಗ "ಕನ್ನಡ ಕಲಿತು ಏನು ಮಾಡುವುದು?" ಎಂದು ಹೆತ್ತವರು ಕೇಳುತ್ತಾರೆ. ಪೇಟೆಯಲ್ಲಿ ನಮ್ಮದೇ ಹಳೆ ವಿದ್ಯಾರ್ಥಿಯ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ನಾನು ಯಾವ ಬಾಯಲ್ಲಿ ಉತ್ತರ ಕೊಡಲಿ?

ಶಾಲೆಯವರಾದ ನಮ್ಮ ಪಾಲೂ ಇದೆ. ಹಳೆ ವಿದ್ಯಾರ್ಥಿಗಳಿಂದ ಜಾಹೀರಾತು ಕೇಳುತ್ತೇವೆ, ಅವರ ಸಾಮಾನು ಕೊಳ್ಳುವುದು ಎಷ್ಟು ಸಲ? ಈ ಸಲದ ವಾರ್ಷಿಕೋತ್ಸವದ ಊಟಕ್ಕೆ ಹಪ್ಪಳ ಎಲ್ಲಿಂದ ತರುವುದು ಎಂದು ಪಿಟಿಎ ಸಭೆಯಲ್ಲಿ ಕೇಳುವವನಿದ್ದೇನೆ.