ಓದದೆ ಬಿಟ್ಟ ಎರಡು ಪದಗಳು

ಹಾಸ್ಟೆಲಿನ ಗೆಳೆಯರೆ, ತಂಗಿಯರೆ,

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಟೀ ಅಂಗಡಿ. ಅಲ್ಲಿ ನಮ್ಮವರೇ ಇಬ್ಬರು ಹುಡುಗರು ಜಗಳಕ್ಕೆ ಬಿದ್ದಿದ್ದರು. ಒಂದೇ ಹಾಸ್ಟೆಲು, ಒಂದೇ ಅನ್ನದ ಸಾಲು. ಒಬ್ಬನ ಮೊಬೈಲಿನಲ್ಲಿ ಟಿಪ್ಪು ಹುಲಿ. ಇನ್ನೊಬ್ಬನ ಮೊಬೈಲಿನಲ್ಲಿ ಟಿಪ್ಪು ರಾಕ್ಷಸ. "ನೀನ್ಯಾವ ಪುಸ್ತಕ ಓದಿದ್ದೀಯಲಾ?" ಅಂತ ಅವನು. "ನೀನ್ಯಾವುದು ಓದಿದ್ದೀಯ, ಹೇಳು?" ಅಂತ ಇವನು. ಇಬ್ಬರೂ ಯಾವುದನ್ನೂ ಓದಿರಲಿಲ್ಲ. ಯಾರೋ ಕಳಿಸಿದ್ದನ್ನು ನೋಡಿದ್ದರು ಅಷ್ಟೆ. ಟೀ ಆರಿಹೋಯಿತು, ಸ್ನೇಹವೂ ಆರಿಹೋಯಿತು.

ನಾನು ಕೇಳಿದೆ: "ಈ ಚನ್ನರಾಯಪಟ್ಟಣದ ಕೋಟೆಗೆ ಹೈದರ್ ಆಲಿ ಯಾಕೆ ಕಂದಕ ತೋಡಿಸಿದ, ಗೊತ್ತೇನ್ರಪ್ಪ?" ಇಬ್ಬರಿಗೂ ಗೊತ್ತಿರಲಿಲ್ಲ. ಲೂಯಿಸ್ ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಮರಾಠರ ದಂಡು ಮೇಲಿಂದ ಮೇಲೆ ನುಗ್ಗಿ ಬರುತ್ತಿತ್ತು, ಅದಕ್ಕೆ. ಅದೇ ಮರಾಠರ ದಂಡಿನ ಪಿಂಡಾರಿಗಳು 1791ರಲ್ಲಿ ಶೃಂಗೇರಿ ಮಠವನ್ನೇ ದೋಚಿದರು. ಆಗ ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಅವನು ಸ್ವಾಮಿಗಳಿಗೆ ಬರೆದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ 1916ರಲ್ಲಿ ಅದೇ ಮಠದಲ್ಲಿ ಪತ್ತೆ ಮಾಡಿದರು. ಇದು ನಿಜ. ಕೊಡಗಿನಿಂದ ಸಾವಿರಾರು ಜನರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಬಲವಂತದಿಂದ ಮತ ಬದಲಿಸಿದವನೂ ಅದೇ ಟಿಪ್ಪು. ಇದೂ ನಿಜ. ಒಬ್ಬನೇ ದೊರೆ, ಎರಡು ಕೆಲಸ. ಇತಿಹಾಸ ಓದುವವನು ಎರಡನ್ನೂ ಎದುರಿಗಿಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಾನೆ. ಓಟು ಕೇಳುವವನು ಒಂದನ್ನು ಜೇಬಿಗೆ ಹಾಕಿಕೊಂಡು ಇನ್ನೊಂದನ್ನು ಚರಂಡಿಗೆ ಎಸೆಯುತ್ತಾನೆ.

ಈ ಆಟದಲ್ಲಿ ಒಂದು ಪಕ್ಷ ಮಾತ್ರ ಇದೆ ಅಂದುಕೊಳ್ಳಬೇಡಿ. 2015ರಲ್ಲಿ ಕಾಂಗ್ರೆಸ್ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. ಕೊಡಗಿನ ನೋವಿನ ಬಗ್ಗೆ ವೇದಿಕೆಯಲ್ಲಿ ಒಂದು ಮಾತಾಡುವ ಧೈರ್ಯ ಅದಕ್ಕೆ ಬರಲಿಲ್ಲ. 2012ರ ಸುಮಾರಿಗೆ ಬೇರೆ ಪಕ್ಷ ಕಟ್ಟಿದಾಗ ಟಿಪ್ಪುವಿನ ಪೇಟ ತೊಟ್ಟು ಖಡ್ಗ ಹಿಡಿದು ಫೋಟೊ ತೆಗೆಸಿಕೊಂಡ ಯಡಿಯೂರಪ್ಪನವರೇ 2019ರಲ್ಲಿ ಮುಖ್ಯಮಂತ್ರಿಯಾಗಿ ಬಂದು ಆ ಜಯಂತಿಯನ್ನು ರದ್ದು ಮಾಡಿದರು. ಏಳು ವರ್ಷದಲ್ಲಿ ಟಿಪ್ಪು ಬದಲಾದನೆ? ಅವನು 1799ರ ಮೇ 4ರಂದೇ ಸತ್ತು ಮಣ್ಣಾಗಿದ್ದಾನೆ. ಬದಲಾದದ್ದು ಓಟಿನ ಲೆಕ್ಕ.

ಆ ಲೆಕ್ಕ ಸಾಲದೆ ಬಂದಾಗ ಹೆಣಗಳನ್ನೂ ಹುಟ್ಟಿಸುತ್ತಾರೆ. 2023ರ ಮಾರ್ಚಿಯಲ್ಲಿ, ಚುನಾವಣೆಗೆ ಎರಡು ತಿಂಗಳಿರುವಾಗ, ಪಕ್ಕದ ಮಂಡ್ಯದಲ್ಲಿ ಪ್ರಧಾನಿಯನ್ನು ಸ್ವಾಗತಿಸಲು ಒಂದು ಕಮಾನು ಎದ್ದಿತು. ಅದರ ಮೇಲೆ ಉರಿಗೌಡ, ನಂಜೇಗೌಡ ಎಂಬ ಹೆಸರು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂದರು. ಮಂತ್ರಿಗಳೊಬ್ಬರು ಸಿನಿಮಾ ತೆಗೆಯುತ್ತೇನೆಂದರು. ಒಂದು ಶಾಸನ ಇಲ್ಲ, ಒಂದು ಕಡತ ಇಲ್ಲ, ಒಂದು ವೀರಗಲ್ಲು ಇಲ್ಲ. ಕಡೆಗೆ ಆದಿಚುಂಚನಗಿರಿಯ ಸ್ವಾಮೀಜಿಯವರೇ ಆಧಾರ ಇಲ್ಲದ ಮಾತು ಬೇಡ, ಸಿನಿಮಾ ಬೇಡ ಎಂದು ಹೇಳಿ ನಿಲ್ಲಿಸಬೇಕಾಯಿತು. ಎಲೆಕ್ಷನ್ ಮುಗಿಯಿತು. ಉರಿಗೌಡನೂ ಇಲ್ಲ, ನಂಜೇಗೌಡನೂ ಇಲ್ಲ. ಕಮಾನಿನ ಬಟ್ಟೆಯ ಜೊತೆಗೇ ಅವರ ಇತಿಹಾಸವೂ ಇಳಿದುಹೋಯಿತು.

ಅವರಿಗೆ ಒಂದು ಮಠ ಇತ್ತು, ಕೇಳಿತು. ನಮ್ಮ ಹೆಸರಿನಲ್ಲಿ ನಾಳೆ ಒಂದು ಸುಳ್ಳು ಹುಟ್ಟಿದರೆ ಕೇಳುವವರು ಯಾರು? ನಾವೇ ಕೇಳಬೇಕು. ಅದಕ್ಕೇ ಈ ಬರಹ.

ಪಠ್ಯಪುಸ್ತಕದ ಕತೆ ನಿಮಗೆ ಗೊತ್ತು. ನಿಮ್ಮಲ್ಲಿ ಕೆಲವರು ಅದನ್ನೇ ಓದಿ ಪಾಸಾಗಿ ಬಂದವರು. 2022ರಲ್ಲಿ ಪುಸ್ತಕ ಪರಿಷ್ಕರಿಸಿದರು. 9ನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಬಾಬಾಸಾಹೇಬರ ಹೆಸರಿನ ಹಿಂದಿದ್ದ 'ಸಂವಿಧಾನ ಶಿಲ್ಪಿ' ಎಂಬ ಮಾತು ಉದುರಿತು. ಗಲಾಟೆಯಾದ ಮೇಲೆ ವಾಪಸ್ ಸೇರಿಸುತ್ತೇವೆ ಎಂದರು. ಬಸವಣ್ಣ ಜನಿವಾರ ಬೇಡವೆಂದು ಮನೆ ಬಿಟ್ಟು ಹೊರಟದ್ದು ಮರೆಯಾಗಿ, ಉಪನಯನದ ನಂತರ ಕೂಡಲಸಂಗಮಕ್ಕೆ ಹೋದ ಎಂದಾಯಿತು. ಮಠಾಧೀಶರು ಪ್ರತಿಭಟಿಸಿದರು. ದೇವನೂರ ಮಹಾದೇವ ಅವರು ನನ್ನ ಬರಹ ಈ ಪುಸ್ತಕದಲ್ಲಿ ಬೇಡ ಎಂದು ಅನುಮತಿ ಹಿಂತೆಗೆದುಕೊಂಡರು. 8ನೇ ತರಗತಿಯ ಕನ್ನಡ ಪುಸ್ತಕದಲ್ಲಿ ಸಾವರ್ಕರ್ ಬುಲ್‌ಬುಲ್ ಹಕ್ಕಿಯ ರೆಕ್ಕೆಯ ಮೇಲೆ ಕೂತು ಅಂಡಮಾನಿನ ಜೈಲಿಂದ ತಾಯ್ನಾಡಿಗೆ ಬಂದು ಹೋದರು. ಕೇಳಿದರೆ ಅದು ಅಲಂಕಾರ ಅಂದರು. ಅಲಂಕಾರ ಏನೆಂದು ನನಗೂ ಗೊತ್ತು, ನಾನೂ ನಾಲ್ಕು ಸಾಲು ಗೀಚುವವನು. ಆದರೆ ಒಬ್ಬರಿಗೆ ರೆಕ್ಕೆ ಕೊಡುವಾಗ ಇನ್ನೊಬ್ಬರಿಗಿದ್ದ ಒಂದು ಪದ ಕೂಡ ಕಿತ್ತುಕೊಳ್ಳುವುದು ಯಾವ ಅಲಂಕಾರ?

2023ರಲ್ಲಿ ಸರ್ಕಾರ ಬದಲಾಯಿತು. ಹೆಡ್ಗೇವಾರ್, ಸಾವರ್ಕರ್ ಪಾಠ ತೆಗೆದರು. ಸಾವಿತ್ರಿಬಾಯಿ ಫುಲೆಯವರ ಪಾಠ ಬಂತು. ಬಂದದ್ದು ಒಳ್ಳೆಯದೇ. ಆದರೆ ತಹಸೀಲ್ದಾರರ ವರ್ಗಾವಣೆಯ ಹಾಗೆ ಸರ್ಕಾರ ಬಂದಾಗಲೆಲ್ಲ ಇತಿಹಾಸವೂ ವರ್ಗವಾಗಿ ಹೋಗುತ್ತಿದ್ದರೆ, ಓದುವ ಮಗು ಏನು ಕಲಿಯುತ್ತದೆ? ಇತಿಹಾಸ ಎಂದರೆ ಗೆದ್ದವನ ಕರಪತ್ರ ಎಂದು ಕಲಿಯುತ್ತದೆ. ಅದು ಕಲಿತ ಮೇಲೆ ನಿಜ ಹೇಳಿದರೂ ನಂಬುವುದಿಲ್ಲ. ನಷ್ಟ ಯಾರಿಗೆ? ಉಳ್ಳವರ ಮನೆಯ ಮಗುವಿಗೆ ಮನೆಯಲ್ಲಿ ಬೇರೆ ಪುಸ್ತಕ ಇದೆ. ಕೇರಿಯ ಮಗುವಿಗೆ ಇರುವುದು ಸರ್ಕಾರ ಬಿಟ್ಟಿ ಕೊಟ್ಟ ಆ ಒಂದೇ ಪುಸ್ತಕ.

ಈಗ ನನ್ನ ಕತೆ ಹೇಳುತ್ತೇನೆ. ನಾನು ಅರಕಲಗೂಡಿನ ಕಡೆಯವನು. ಹೈಸ್ಕೂಲಿನಲ್ಲಿರುವಾಗ ನಮ್ಮನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದೊಯ್ದರು. ಬೆಟ್ಟ ಹತ್ತಿ ಇಳಿದ ಮೇಲೆ ಊರೊಳಗಿನ ಭಂಡಾರಿ ಬಸದಿಗೆ ಹೋದೆವು. ಅಲ್ಲೊಂದು ಶಾಸನ. ಮೇಷ್ಟ್ರು ವಿವರಿಸಿದರು: 1368ರಲ್ಲಿ ಜೈನರಿಗೂ ವೈಷ್ಣವರಿಗೂ ಜಗಳ ಬಂತು, ಬುಕ್ಕರಾಯ ಎರಡು ದರ್ಶನಕ್ಕೂ ಭೇದವಿಲ್ಲ ಎಂದು ತೀರ್ಪು ಕೊಟ್ಟ, ಜೈನರ ಕೈ ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟ, ನೋಡಿ ಎಂಥ ಧರ್ಮಸಮನ್ವಯ! ನಾವು ಪಟ್ಟಿಯಲ್ಲಿ ಬರೆದುಕೊಂಡೆವು. ಪರೀಕ್ಷೆಯಲ್ಲಿ ಬಂತು. ಐದು ಅಂಕ.

ಆಮೇಲೆ ಹಾಸನದಲ್ಲಿ ಬಿ.ಎ. ಓದುವಾಗ ಲೈಬ್ರರಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಶ್ರವಣಬೆಳಗೊಳ ಸಂಪುಟ ಸಿಕ್ಕಿತು. ಆ ಶಾಸನವನ್ನು ನಾನೇ ಬೆರಳಿಟ್ಟು ಓದಿದೆ. ಯಾರ ಕೈಯಲ್ಲಿ ಜೈನರ ಕೈ ಇಟ್ಟ ಎಂದು ದೊಡ್ಡ ಪಟ್ಟಿ ಇದೆ. ಆಚಾರ್ಯರು, ಸಾತ್ವಿಕರು, ನೀರು ಹೊರುವವರು, ಬೋವಿಗಳು. ಆ ಪಟ್ಟಿಯ ಕಡೆಯಲ್ಲಿ ಎರಡು ಪದ: ತಿರುಕುಲ, ಜಾಂಬವಕುಲ. ಇವರೆಲ್ಲ ಒಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿ ಎಂದು ಶಾಸನ ಹೇಳುತ್ತದೆ. ತಿರುಕುಲ ಎಂದರೆ ಹೊಲೆಯರು. ಜಾಂಬವಕುಲ ಎಂದರೆ ಮಾದಿಗರು. ಇದು ನಾನು ಕಟ್ಟಿದ ಅರ್ಥ ಅಲ್ಲ, ಶಾಸನ ಓದಿದ ವಿದ್ವಾಂಸರು ಮಾಡಿದ ಅರ್ಥ.

ಗೆಳೆಯರೆ, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆರೂವರೆ ನೂರು ವರ್ಷದಿಂದ ನಮ್ಮ ಹೆಸರು ಚನ್ನರಾಯಪಟ್ಟಣ ತಾಲ್ಲೂಕಿನ ಕಲ್ಲಿನ ಮೇಲೆ ಇದೆ. ರಾಜನ ಎದುರಿಗೆ ನಡೆದ ಒಂದು ಒಪ್ಪಂದದಲ್ಲಿ ಕೈ ಕೊಟ್ಟವರ ಸಾಲಿನಲ್ಲಿ ಇದೆ. ಇವತ್ತು ಲೋಟ ಮುಟ್ಟಿದರೆ ಮೈಲಿಗೆ ಎನ್ನುವ ಆ ಕೈ! ನಮ್ಮ ಮೇಷ್ಟ್ರು ಕೆಟ್ಟವರಲ್ಲ, ನನಗೆ ಅಕ್ಷರ ಕೊಟ್ಟವರು. ಅವರಿಗೆ ಬಂದ ಪಾಠದಲ್ಲೇ ಆ ಎರಡು ಪದ ಇರಲಿಲ್ಲ. ವಿಜಯನಗರವನ್ನು ಹಿಂದೂ ಸಾಮ್ರಾಜ್ಯ ಎಂದು ಹೊಗಳುವವರು ಬುಕ್ಕನ ಹೆಸರು ಓದುತ್ತಾರೆ, ಮುಂದೆ ಓದುವುದಿಲ್ಲ. ಸರ್ವಧರ್ಮ ಸಮಭಾವ ಎನ್ನುವವರು ಜೈನ ವೈಷ್ಣವ ಎಂದು ಓದುತ್ತಾರೆ, ಮುಂದೆ ಓದುವುದಿಲ್ಲ. ಎಡಗಡೆಯವರಿಗೂ ಬಲಗಡೆಯವರಿಗೂ ಕಣ್ಣು ಒಂದೇ ಜಾಗದಲ್ಲಿ ಮಂಜಾಗುತ್ತದೆ. ಇದನ್ನೇ ನಾನು ಪಕ್ಷಪಾತ ಎನ್ನುವುದು. ಸುಳ್ಳು ಬರೆಯುವುದು ಮಾತ್ರ ಪಕ್ಷಪಾತ ಅಲ್ಲ. ಬರೆದಿರುವುದನ್ನು ಓದದೆ ಬಿಡುವುದು ಅದಕ್ಕಿಂತ ದೊಡ್ಡ ಪಕ್ಷಪಾತ. ಸುಳ್ಳನ್ನಾದರೂ ಹಿಡಿಯಬಹುದು, ಬಿಟ್ಟದ್ದನ್ನು ಹಿಡಿಯುವುದು ಹೇಗೆ?

ಬೇಲೂರಿಗೆ ಬನ್ನಿ. ಅಲ್ಲಿಯ ಶಿಲಾಬಾಲಿಕೆಯರ ಬಗ್ಗೆ ಹಾಡು ಕಟ್ಟದವರಿಲ್ಲ. ಆದರೆ ಅಲ್ಲಿಯ ಚೆನ್ನಿಗರಾಯ ಬಾಬಾಬುಡನ್ ಗಿರಿಗೆ ನಡೆದು ಹೋಗಿ ಬರುತ್ತಾನೆ, ಕಾಲಿನ ಕೆರ ಸವೆಯುತ್ತದೆ, ಚನ್ನಗಿರಿ ಬಸವಾಪಟ್ಟಣದ ಮಾದಿಗರು ಹೊಸ ಕೆರ ಹೊಲಿದು ತಂದು ಒಪ್ಪಿಸುತ್ತಾರೆ ಎಂಬ ವಾಡಿಕೆಯನ್ನೂ ರೈಸನ ಗೆಜೆಟಿಯರ್ ದಾಖಲಿಸಿದೆ. ದೇವರಿಗೆ ಕೆರ ಬೇಕು, ಕೆರ ಹೊಲಿದವನ ಹೆಸರು ಗೈಡಿನ ಬಾಯಲ್ಲಿ ಬೇಡ.

ಇದೆಲ್ಲ ಹಳೇ ಕಲ್ಲಿನ ಮಾತು, ಇವತ್ತಿಗೇನು ಎನ್ನುತ್ತೀರಾ? ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಗೆ ಹೋಗಿ ಕೇಳಿ. 2015ರಲ್ಲಿ ಅಲ್ಲಿ ನಾಲ್ವರು ದಲಿತ ಹೆಣ್ಣುಮಕ್ಕಳು ದೇವಸ್ಥಾನದ ಒಳಗೆ ಹೋದರು. ದೇವಸ್ಥಾನ ಮೈಲಿಗೆಯಾಯಿತು, ದಂಡ ಕಟ್ಟಿ ಎಂದರು. ಅದು ಯಾವ ದೇವರ ಗುಡಿ ಗೊತ್ತೆ? ಬಸವೇಶ್ವರನದು! ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿ ಕಲ್ಯಾಣವೇ ಹೊತ್ತಿ ಉರಿದ ಚಳುವಳಿಯ ಬಸವಣ್ಣನ ಹೆಸರಿನ ಗುಡಿ. ಪಾಠದಲ್ಲಿ ಬಸವಣ್ಣನಿಗೆ ಜನಿವಾರ ತೊಡಿಸಿದರೆ ಊರಿನಲ್ಲಿ ಬಸವಣ್ಣನ ಬಾಗಿಲು ನಮಗೆ ಮುಚ್ಚುವುದು ಸುಲಭವಾಗುತ್ತದೆ. ಇತಿಹಾಸದ ಪುಸ್ತಕದಲ್ಲಿ ಬಿಟ್ಟ ಪದಕ್ಕೆ ಊರಿನಲ್ಲಿ ದಂಡ ಕಟ್ಟುವವರು ನಮ್ಮ ತಾಯಂದಿರು. ಸ್ವಾಮಿ, ಇದು ಪಂಡಿತರ ಜಗಳ ಅಲ್ಲ.

ನಮ್ಮ ಹತ್ತಿರದ ಇತಿಹಾಸವನ್ನೂ ಹೀಗೇ ಮಾಡಿದ್ದಾರೆ. ಬಿ. ಬಸವಲಿಂಗಪ್ಪ ಎಂದರೆ ನಿಮ್ಮ ಕಾಲೇಜಿನಲ್ಲಿ ಯಾರಿಗಾದರೂ ನೆನಪಾಗುವುದು ಒಂದೇ: ಬೂಸಾ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು, ಕನ್ನಡದ್ರೋಹಿ ಎಂದು ಮಂತ್ರಿ ಪದವಿಯಿಂದ ಇಳಿಸಿದರು. ಇಷ್ಟೇ ಪರಿಚಯ. ಅದೇ ಮನುಷ್ಯ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಆ ಗಲಾಟೆಯಲ್ಲಿ ಹಲ್ಲೆ ನಡೆದದ್ದು ಯಾರ ಮೇಲೆ? ನಿಮ್ಮ ಹಾಗೆ ಹಾಸ್ಟೆಲಿನಲ್ಲಿದ್ದ ದಲಿತ ವಿದ್ಯಾರ್ಥಿಗಳ ಮೇಲೆ. ಆ ಏಟಿನ ಒಡಲಿಂದ ದಲಿತ ಸಂಘರ್ಷ ಸಮಿತಿ ಹುಟ್ಟಿತು. ನೀವು ಮಲಗುವ ಹಾಸ್ಟೆಲಿನ ಗೋಡೆಗೂ ಇತಿಹಾಸ ಇದೆ. ಅದು ಯಾವ ಪಠ್ಯದಲ್ಲಿದೆ ಹೇಳಿ?

ಇನ್ನೊಂದು ಮಾತು, ಇದು ನಮ್ಮವರಿಗೇ. ಕಹಿಯಾದರೂ ನುಂಗಿ. 1368ರ ಕಲ್ಲು ಸಿಕ್ಕಿತು ಎಂದು "ಆಗ ಅಸ್ಪೃಶ್ಯತೆಯೇ ಇರಲಿಲ್ಲ, ನಾವೇ ರಾಜರಾಗಿದ್ದೆವು" ಎಂದು ನಾಳೆ ಬ್ಯಾನರ್ ಕಟ್ಟಬೇಡಿ. ಕಲ್ಲು ಅಷ್ಟು ಹೇಳುವುದಿಲ್ಲ. ಆ ಹೊತ್ತಿನಲ್ಲಿ ನಾವು ಅಲ್ಲಿದ್ದೆವು, ಎಣಿಕೆಗೆ ಬಂದಿದ್ದೆವು ಎಂದು ಹೇಳುತ್ತದೆ. ಅಷ್ಟೇ ಹೇಳೋಣ. ಅಷ್ಟೇ ಸಾಕು. ಉರಿಗೌಡನಿಗೆ ಉತ್ತರ ನಮ್ಮದೊಂದು ಉರಿಮಾದ ಅಲ್ಲ. ಅವರ ಸುಳ್ಳಿಗೆ ಮಂತ್ರಿ ಇದ್ದಾನೆ, ಟಿ.ವಿ. ಇದೆ, ದುಡ್ಡಿದೆ. ನಮ್ಮ ಸುಳ್ಳಿಗೆ ಯಾರೂ ಇಲ್ಲ. ನಿಜ ಒಂದೇ ನಮಗೆ ಬಿಟ್ಟಿಯಾಗಿ ಸಿಗುವ ಆಯುಧ. ಅದನ್ನು ಮೊಂಡು ಮಾಡಿಕೊಳ್ಳಬೇಡಿ.

ಹಾಗಾದರೆ ಮಾಡುವುದೇನು? ಯಾವನಾದರೂ ಇತಿಹಾಸ ಹೇಳಲು ಬಂದರೆ ಮೂರು ಪ್ರಶ್ನೆ ಕೇಳಿ. ಎಲ್ಲಿ ಬರೆದಿದೆ? ಯಾರು ಬರೆದರು? ಯಾರನ್ನು ಬಿಟ್ಟರು? ಮೂರನೆಯದನ್ನು ಮರೆಯಬೇಡಿ, ಅದು ನಮ್ಮ ಪ್ರಶ್ನೆ. ಈ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿ. ರಜಾ ದಿನ ಒಂದು ಪಟ್ಟಿ ಪೆನ್ನು ಹಿಡಿದು ಹೊರಡಿ. ನಿಮ್ಮೂರ ವೀರಗಲ್ಲು ಯಾರದು, ಕೆರೆ ಕಟ್ಟಿದವರು ಯಾರು, ಏರಿಗೆ ಮಣ್ಣು ಹೊತ್ತವರು ಯಾರು, ತೋಟಿ ತಳವಾರರಿಗೆ ಬಿಟ್ಟ ಇನಾಮು ಜಮೀನು ಯಾರ ಪಾಲಾಯಿತು, ಬರೆದುಕೊಳ್ಳಿ. ಅಜ್ಜಿಯನ್ನು ಕೇಳಿ. ತಾಲ್ಲೂಕು ಕಛೇರಿಯ ಕಡತ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ತಂದದ್ದನ್ನು ಹಾಸ್ಟೆಲಿನ ಊಟದ ಹಾಲಿನಲ್ಲಿ ಓದಿ.

ಆ ಟೀ ಅಂಗಡಿಯ ಇಬ್ಬರು ಹುಡುಗರಿಗೂ ಇದನ್ನೇ ಹೇಳಿದೆ. ಒಬ್ಬ ಕೇಳಿದ: "ಆ ಕಲ್ಲು ಇನ್ನೂ ಅಲ್ಲೇ ಐತಾ, ಅಣ್ಣಾ?" ಐತೆ ಕಣಪ್ಪ. ಚನ್ನರಾಯಪಟ್ಟಣದಿಂದ ಒಂದು ಬಸ್ ಚಾರ್ಜು. ಯಾವ ಸರ್ಕಾರವೂ ಅದನ್ನು ಇನ್ನೂ ಪರಿಷ್ಕರಿಸಿಲ್ಲ. ಹೋಗಿ ಓದಿ. ಆ ಎರಡು ಪದ ಬಂದಾಗ ಗಟ್ಟಿಯಾಗಿ ಓದಿ.

ಜೈ ಭೀಮ್.