ಕೋಲಾರಕ್ಕೆ ಯಾವ ಗ್ರಾಫಿಕ್ಸ್ ಬೇಕು?

ನಾನು ಕೋಲಾರ ಜಿಲ್ಲೆಯವನೆಂದು ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಕೆಜಿಎಫ್ ನಿಜವಾಗಲೂ ಹಾಗೇ ಇದೆಯಾ?’ ಹಾಗೆ ಅಂದರೆ ಸಿನಿಮಾದಲ್ಲಿ ಕಂಡ ಹಾಗೆ. ಇಲ್ಲ ಎಂದರೆ ಮುಂದಿನ ಮಾತು ಸಿದ್ಧವಾಗಿಯೇ ಇರುತ್ತದೆ: ‘ಆದ್ರೂ ಗ್ರಾಫಿಕ್ಸ್ ಸೂಪರ್ ಅಲ್ವಾ?’

ನನ್ನ ಜಗಳ ಈ ಎರಡನೆಯ ಮಾತಿನೊಂದಿಗೆ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ, 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗ ಬಂದ ಮೇಲೆ ಕನ್ನಡದಲ್ಲಿ ಗ್ರಾಫಿಕ್ಸ್ ಎನ್ನುವುದು ಮರ್ಯಾದೆಯ ಪ್ರಶ್ನೆಯಾಯಿತು. ನಾವೂ ತೆಲುಗಿನವರಿಗೆ ಕಡಿಮೆಯಿಲ್ಲ ಎಂದು ತೋರಿಸಿಕೊಳ್ಳುವ ಸಾಧನವಾಯಿತು. ಗ್ರಾಫಿಕ್ಸ್ ಬಂದು ಸಿನಿಮಾ ಕಲೆಯೇ ಕೆಟ್ಟಿತು ಎನ್ನುವ ಹಿರಿಯರ ಪಕ್ಷ ನನ್ನದಲ್ಲ. ಹಸಿರು ಪರದೆಯ ಮುಂದೆ ನಿಂತು ನಟಿಸುವುದೇನೂ ಪಾಪವಲ್ಲ. ಗ್ರಾಫಿಕ್ಸ್ ಎಷ್ಟು ಚೆನ್ನಾಗಿದೆ ಎಂದು ಅಳೆಯುವ ನಾವು, ಅದು ಏನನ್ನು ತೋರಿಸುತ್ತಿದೆ ಎಂದು ಕೇಳುವುದನ್ನೇ ಬಿಟ್ಟಿದ್ದೇವೆ ಎಂಬುದಷ್ಟೇ ನನ್ನ ತಕರಾರು.

ಚಿತ್ರದ ಸೆಟ್ ನಿಂತದ್ದು ಕೆಜಿಎಫ್‌ನ ಸೈನೇಡ್ ದಿಬ್ಬಗಳ ಮೇಲೆ. ಅದಿರನ್ನು ಅರೆದು, ಸೈನೇಡ್‌ನಿಂದ ಚಿನ್ನ ತೆಗೆದು, ಉಳಿದದ್ದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಸುರಿದು ಬೆಳೆದ ದಿಬ್ಬಗಳು ಅವು. ಗಾಳಿ ಬೀಸುವ ದಿನಗಳಲ್ಲಿ ಅಲ್ಲಿಯ ದೂಳು ಊರಿನ ಮನೆಗಳೊಳಗೆ ಬಂದು ಕೂರುತ್ತದೆ. ಚಿತ್ರದಲ್ಲಿಯೂ ದೂಳಿದೆ, ಬೇಕಾದಷ್ಟಿದೆ. ಆದರೆ ಅದು ನಾಯಕ ನಡೆದು ಬರುವಾಗ ಹಿಂದೆ ಏಳಬೇಕಾದ ದೂಳು. ಅದನ್ನು ಕುಡಿದು ಕೆಮ್ಮಿದವರ ಎದೆಯೊಳಕ್ಕೆ ಆ ದೂಳು ಹೋಗುವುದಿಲ್ಲ.

‘ಅದು ಕಾಲ್ಪನಿಕ ಕತೆ ಕಣ್ರೀ’ ಎನ್ನುತ್ತಾರೆ. ಸರಿ. ಹಾಗಾದರೆ ನರಾಚಿ ಎಂಬ ಕಲ್ಪಿತ ಊರಿನ ಹೆಸರನ್ನೇ ಚಿತ್ರಕ್ಕೂ ಇಡಬಹುದಿತ್ತು. ಹೆಸರು ಕೋಲಾರದ್ದು ಬೇಕು, ಚರಿತ್ರೆ ಮಾತ್ರ ಬೇಡ. ಕತೆ ನಡೆಯುವ 1970ರ ದಶಕದ ಕೊನೆಯಲ್ಲಿ ಕೋಲಾರದ ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಎಂಬ ಕೇಂದ್ರ ಸರ್ಕಾರದ ಕಂಪನಿಯ ಕೈಯಲ್ಲಿದ್ದವು. ಅಲ್ಲಿ ಸಂಬಳವಿತ್ತು, ಸಂಘಗಳಿದ್ದವು, ಬಾವುಟಗಳಿದ್ದವು, ಸಂಘಗಳ ನಡುವೆ ಜಗಳಗಳೂ ಇದ್ದವು. ಅದಕ್ಕೂ ಬಹಳ ಹಿಂದೆ, 1930ರಲ್ಲಿ, ಕಾರ್ಮಿಕರ ಬೆರಳಚ್ಚು ತೆಗೆದು ನೋಂದಣಿ ಮಾಡುವ ನಿಯಮ ತಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ಬಹುಪಾಲು ತಮಿಳುನಾಡಿನ ಕಡೆಯಿಂದ ಬಂದ ದಲಿತ ಕುಟುಂಬಗಳ ಜನ ಅವರು. ನಮ್ಮನ್ನು ಒಂದು ಹೆಬ್ಬೆಟ್ಟಿಗೆ ಇಳಿಸಬೇಡಿ ಎಂದು ಎದ್ದು ನಿಂತವರು. ತೊಂಬತ್ತು ವರ್ಷ ಕಳೆದ ಮೇಲೆ ಪರದೆಯ ಮೇಲೆ ಅವರ ಜಾಗದಲ್ಲಿ ಬಂದು ಕುಳಿತದ್ದು ಒಂದೇ ಬಣ್ಣ ಬಳಿದ, ಮುಖ ಬೇರೆಯಾಗಿ ಕಾಣದ, ಬಿಡಿಸಲು ಒಬ್ಬ ಬರಲಿ ಎಂದು ಕಾಯುವ ಗುಲಾಮರ ಗುಂಪು. (ಅವರೆಲ್ಲ ಸ್ವಚ್ಛ ಕನ್ನಡ ಬೇರೆ ಮಾತಾಡುತ್ತಾರೆ! ಕೆಜಿಎಫ್‌ನ ಬೀದಿಯಲ್ಲಿ ತಮಿಳು, ನಮ್ಮ ಮುಳಬಾಗಿಲು–ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು. ಈ ಕಲಬೆರಕೆಯನ್ನು ತೋರಿಸಲು ಗ್ರಾಫಿಕ್ಸ್ ಬೇಕಿರಲಿಲ್ಲ, ಕಿವಿ ಸಾಕಿತ್ತು.)

ಇನ್ನು ಗಣಿಯ ಒಳಗಿನ ಮಾತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಒತ್ತಡ ತಾಳಲಾರದೆ ಬಂಡೆಯೇ ಸಿಡಿಯುತ್ತಿತ್ತು. ಗಣಿಯವರು ಅದನ್ನು ‘ಏರ್ ಬ್ಲಾಸ್ಟ್’ ಎಂದು ಕರೆಯುತ್ತಿದ್ದರು, ಮೇಲಿನ ಮನೆಗಳ ಗೋಡೆಗಳೂ ನಡುಗುತ್ತಿದ್ದವು. 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದದ್ದೂ ಇದೇ ಆಳದ ಕತ್ತಲಲ್ಲಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಇನ್ನು ಯಾವ ಕ್ಯಾಮೆರಾವೂ ಅಲ್ಲಿಗೆ ಇಳಿಯಲಾರದು. ಗ್ರಾಫಿಕ್ಸ್‌ನಿಂದ ಮಾತ್ರ ಆಗುವ ಕೆಲಸ ಎಂದರೆ ಇದೇ! ಕೋಟಿಗಟ್ಟಲೆ ಸುರಿದ ನಾವು ಮಾಡಿದ್ದೇನು? ಮೇಲಿನ ದಿಬ್ಬವನ್ನು ಇನ್ನಷ್ಟು ದೊಡ್ಡದು ಮಾಡಿದೆವು. ದುಡಿದವರ ಜಾತಿ, ಹಸಿವುಗಳನ್ನು ಮರೆಸದ ಪಾ. ರಂಜಿತ್ ಅವರ ‘ತಂಗಲಾನ್’ನಲ್ಲಿಯೂ ಗ್ರಾಫಿಕ್ಸ್ ಬೆವರು ಸುರಿಸಿದ್ದು ಕರಿ ಚಿರತೆಗಾಗಿ, ಹಾವುಗಳಿಗಾಗಿ.

ಇದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ ಎಂದು ನನಗನಿಸುತ್ತದೆ. ಕಂಪ್ಯೂಟರ್ ಒಂದು ದೃಶ್ಯ ಕಟ್ಟುವಾಗ ಬೆಳಕು ಎಲ್ಲಿಂದ ಹೊರಟು ಎಲ್ಲಿ ಬಡಿದು ಕಣ್ಣಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತದೆ. ಗಣಿಯೊಳಗೆ, ಅದಿರು ಕೊರೆಯುವ ಜಾಗದಲ್ಲಿ, ಇದ್ದ ಬೆಳಕೆಂದರೆ ತಲೆಯ ಮೇಲಿನ ದೀಪ. ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಪರದೆಯ ಬಹುಭಾಗ ಕಪ್ಪಾಗಿಯೇ ಉಳಿಯಬೇಕು. ನಾಯಕನ ಮುಖ ಕಾಣದ ಚಿತ್ರಕ್ಕೆ ಯಾವ ನಿರ್ಮಾಪಕ ದುಡ್ಡು ಹಾಕುತ್ತಾನೆ?

ಸಿನಿಮಾದ ಆಚೆಗೆ ಗ್ರಾಫಿಕ್ಸ್ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕೆಲವು ವರ್ಷಗಳಿಂದ ಬೆಂಗಳೂರಿನ ಸುತ್ತಮುತ್ತಲ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಕಲ್ಲಿನ ಮೇಲೆ ಬರಿಗಣ್ಣಿಗೆ ಗೀರಿನಂತೆ ಕಾಣುವ ಅಕ್ಷರ, ಆ ಮಾದರಿಯ ಮೇಲೆ ಬೆಳಕನ್ನು ಓರೆಯಾಗಿ ತಿರುಗಿಸಿದರೆ ಎದ್ದು ಬರುತ್ತದೆ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟಿದ್ದರು. ಆವನಿ, ಟೇಕಲ್ ಕಡೆ ಹೋದರೆ ಬಯಲಲ್ಲಿ ಮಳೆ ಬಿಸಿಲಿಗೆ ನಿಂತ ಕಲ್ಲುಗಳು ಈಗಲೂ ಸಿಗುತ್ತವೆ. ಹಂಪಿಗಾದರೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯೇ ಡಿಜಿಟಲ್ ಯೋಜನೆಯೊಂದನ್ನು ರೂಪಿಸಿತು. ರಾಜರ ಊರು ತಾನೇ. ಗಣಿ ಕಾರ್ಮಿಕರ ಊರನ್ನು ಹಾಗೆ ಕಟ್ಟಿ ತೋರಿಸಬೇಕೆಂದು ಯಾರಿಗೂ ಅನಿಸಿಲ್ಲ.

ನಮ್ಮ ಜಿಲ್ಲೆಯ ಬದುಕೇ ನೆಲದ ಒಳಗಿದೆ, ಮೊದಲು ಚಿನ್ನ, ಈಗ ನೀರು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲಿಲ್ಲ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಮಾಲೂರಿನ ತರಕಾರಿ, ಮುಳಬಾಗಿಲಿನ ಟೊಮೆಟೊ, ಶ್ರೀನಿವಾಸಪುರದ ಮಾವು ಎಲ್ಲಕ್ಕೂ ಬೋರ್‌ವೆಲ್ಲೇ ದಿಕ್ಕು, ಅದೂ ಸಾವಿರ ಅಡಿ ದಾಟಿದ ಬೋರ್‌ವೆಲ್. ಬೋರ್ ಹಾಕುವ ಜಾಗ ಗೊತ್ತು ಮಾಡಲು ಈಗಲೂ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರನ್ನೇ ಕರೆಸುತ್ತಾರೆ. ಇವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಬೇರೆ ಯಾರೂ ಅವರಿಗೆ ನೆಲದ ಒಳಗನ್ನು ತೋರಿಸಿಲ್ಲ. ಹಾಗೆಂದು ಆ ಚಿತ್ರ ಎಲ್ಲೂ ಇಲ್ಲ ಎಂದಲ್ಲ. ಕೇಂದ್ರ ಅಂತರ್ಜಲ ಮಂಡಳಿ ತಾಲೂಕುವಾರು ಮಾಡಿದ ಜಲಪದರಗಳ ವರದಿಗಳಲ್ಲಿ ಕಂಪ್ಯೂಟರ್‌ನಲ್ಲಿ ಬರೆದ ಬಣ್ಣದ ಸೀಳುಚಿತ್ರಗಳಿವೆ. ಮೇಲೆ ಶಿಥಿಲಗೊಂಡ ಕಲ್ಲಿನ ಪದರ, ಕೆಳಗೆ ಬಿರುಕುಬಿಟ್ಟ ಗಟ್ಟಿ ಬಂಡೆ, ಬಿರುಕಿನಲ್ಲಿ ನೀರು. ನನ್ನ ಲೆಕ್ಕದಲ್ಲಿ ಕೋಲಾರದ ಬಗ್ಗೆ ಇದುವರೆಗೆ ತಯಾರಾದ ಅತ್ಯಂತ ಮುಖ್ಯ ಕಂಪ್ಯೂಟರ್ ಗ್ರಾಫಿಕ್ಸ್ ಇವೇ. ಇರುವುದು ಇಂಗ್ಲಿಷ್ ಪಿಡಿಎಫ್‌ಗಳಲ್ಲಿ.

ಇದನ್ನು ಕನ್ನಡಕ್ಕೆ, ಚಲಿಸುವ ಚಿತ್ರಕ್ಕೆ ತರಲು ಸಿನಿಮಾ ಬಜೆಟ್ ಬೇಕಿಲ್ಲ. ಬ್ಲೆಂಡರ್‌ನಂಥ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಅದನ್ನು ಬಲ್ಲ ಹುಡುಗ ಹುಡುಗಿಯರು ನಮ್ಮ ತಾಲೂಕುಗಳಲ್ಲೇ ಇದ್ದಾರೆ; ಮದುವೆ ವೀಡಿಯೊಗಳಲ್ಲಿ ವಧೂವರರ ಹೆಸರಿಗೆ ಬೆಂಕಿ ಹಚ್ಚಿ ಕೊಡುತ್ತಿದ್ದಾರೆ. ಅವರಿಗೆ ಬೇರೆ ಕೆಲಸ ಕೊಟ್ಟವರಿಲ್ಲ. ಪಂಚಾಯಿತಿಯಾಗಲಿ ಕಾಲೇಜಾಗಲಿ ಕೇಳಿಲ್ಲ.

ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದ ಹತ್ತಿರ ಮಾವಿನ ತೋಪಿರುವ ನಮ್ಮ ಚಿಕ್ಕಪ್ಪನಿಗೆ ಫೋನಿನಲ್ಲಿ ಆ ವರದಿಯ ಒಂದು ಚಿತ್ರ ತೋರಿಸಿದೆ. ನಾಲ್ಕನೆಯ ಬೋರ್‌ಗೆ ದುಡ್ಡು ಹೊಂದಿಸುತ್ತಿದ್ದ ಹೊತ್ತು. ಕನ್ನಡಕ ಹಾಕಿಕೊಂಡು ಎರಡು ಬೆರಳಿನಲ್ಲಿ ಚಿತ್ರವನ್ನು ದೊಡ್ಡದು ಮಾಡಿ, ಬಹಳ ಹೊತ್ತು ಹಸಿರು ಹಳದಿ ಪಟ್ಟೆಗಳನ್ನು ಅತ್ತಿತ್ತ ಸರಿಸುತ್ತಾ ನೋಡಿದರು. ಆಮೇಲೆ ಕೇಳಿದರು, ‘ಇದ್ರಲ್ಲಿ ನಮ್ ತೋಪು ಎಲ್ಲೈತೋ?’